ಕೊಟ್ಟಿಗೆಯೊಳಗಿನ ಕುಲುಮೆ

ನಾನು ಹುಟ್ಟಾ ಅಂಜುಬುರುಕಿ. ಗ್ಯಾಸ್ ಒಲೆ ಹಚ್ಚುವಾಗ ಈಗಲೂ ಮುಖ ಆ ಕಡೆ ತಿರುಗಿಸಿ, ಕೈಯಷ್ಟನ್ನೇ ಉದ್ದಕ್ಕೆ ಚಾಚಿ ಲೈಟರ್ ಒತ್ತುತ್ತೇನೆ. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟು ಖಾಲಿಯಿದ್ದರೂ ಕೂರುವುದಿಲ್ಲ. ದಿಂಡಿಗಲ್ಲಿನ ಹಾಸ್ಟೆಲಿನಲ್ಲಿರುವ ಮಗಳು ಒಂದು ಸಂಜೆ ಫೋನ್ ಮಾಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಇಂಥವಳ ಕೈಯಿಂದ ನಮ್ಮ ಮಾವ ಕುಲುಮೆ ಕಟ್ಟಿಸಿದರು.

ನಮ್ಮ ಮನೆ ತಮಿಳು ಸೀಮೆಯಲ್ಲಿ, ತೇನಿ ಕಡೆಯ ತೇವಾರಂ ಊರಿನ ಅಂಚಿಗಿದೆ; ಮನೆಮಾತು ಮಾತ್ರ ಕನ್ನಡ. ಹಿತ್ತಲಿನ ಗೋಡೆ ದಾಟಿದರೆ ಪಕ್ಕದವರ ಕಣ, ಹುಲ್ಲಿನ ಬಣವೆ, ಅದರಾಚೆ ತೆಂಗಿನ ತೋಟ, ಆಮೇಲೆ ಬೆಟ್ಟ. ನನ್ನ ಗಂಡನದು ಚಿನ್ನಮನೂರಿನಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಅತ್ತೆ ಹೋಗಿ ಬಹಳ ವರ್ಷವಾಯಿತು. ಹಗಲೆಲ್ಲ ಮನೆಯಲ್ಲಿ ನಾವಿಬ್ಬರೇ. ನಾನು ಒಳಗೆ ಮೆಷಿನ್ನಿನ ಮುಂದೆ ಕೂತು ಬ್ಲೌಸ್ ಹೊಲಿಯುತ್ತಿರುತ್ತೇನೆ, ಮಾವ ಜಗಲಿಯ ಮೇಲೆ ಕೂತಿರುತ್ತಾರೆ.

ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಕಣ್ಣು ಮುಚ್ಚಿಕೊಂಡೇ ನಟ್ಟು ಬಿಚ್ಚುತ್ತಿದ್ದ ಕೈ ಅವರದು ಎಂದು ಗಂಡ ಹೇಳುತ್ತಾರೆ. ಈ ಕಥೆ ನಡೆದ ಹೊತ್ತಿಗೆ ಆ ಕೈ ನಡುಗಲು ಹಿಡಿದು ಮೂರು ವರ್ಷವಾಗಿತ್ತು. ಬಲಗೈ ಸುಮ್ಮನೆ ತೊಡೆಯ ಮೇಲಿದ್ದಾಗ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು, ಯಾವುದೋ ಕಾಣದ ಕಾಳನ್ನು ಸುಲಿಯುತ್ತಿರುವ ಹಾಗೆ. ಮದುರೆಯ ಡಾಕ್ಟರು ಇದು ನಡುಕದ ರೋಗ, ಮಾತ್ರೆಯಿಂದ ತಡೆಯಬಹುದು, ಹೋಗಲಾಡಿಸುವುದು ಆಗದು ಎಂದಿದ್ದರು. ಅಂದಿನಿಂದ ಕಾಫಿಯನ್ನು ನಾನು ಅರ್ಧ ಲೋಟ ಮಾತ್ರ ಹಾಕಿ ಕೊಡುತ್ತಿದ್ದೆ. ಅದನ್ನು ಅವರು ಗಮನಿಸಿದ್ದರು, ಆದರೆ ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.

ಮಗಳು ರಜೆಗೆ ಬಂದಾಗ ಅಜ್ಜನ ಫೋನಿನಲ್ಲಿ ವಿಡಿಯೋ ನೋಡುವುದನ್ನು ಕಲಿಸಿಕೊಟ್ಟಳು. ಮಾವ ಮೊದಲು ಎಂಜಿನ್ ರಿಪೇರಿ ನೋಡುತ್ತಿದ್ದರು. ಅಲ್ಲಿಂದ ಹೇಗೋ ಕಬ್ಬಿಣ ಕಾಯಿಸಿ ಬಡಿಯುವವರ ಬಳಿ ಹೋಗಿ ನಿಂತರು. ಒಂದು ದಿನ ನನ್ನನ್ನು ಕರೆದು ಫೋನ್ ತೋರಿಸಿದರು. ಯಾವುದೋ ದೇಶದವನೊಬ್ಬ ಮನೆಯ ಹಿಂದೆ ಕುಲುಮೆ ಮಾಡಿಕೊಂಡಿದ್ದ.

"ನೋಡ್ ತಾಯಿ, ಇದು ನಮ್ ಡ್ರಮ್ಮಲ್ವಾ? ಬ್ರೇಕ್ ಡ್ರಮ್ಮು. ಇಂಥವ್ನ ಎಷ್ಟ್ ಕಳಚಿವ್ನಿ ನಾನು. ಇದ್ರಲ್ಲೇ ಉಲೆ ಮಾಡ್ಕಂಡವ್ನೆ."

ಕುಲುಮೆಗೆ ನಮ್ಮ ಮನೆಮಾತಿನಲ್ಲಿ ಉಲೆ ಅನ್ನುತ್ತೇವೆ. ನಾನು "ಹೌದು ಮಾವ" ಎಂದು ಹೇಳಿ ಒಳಗೆ ಬಂದೆ. ಮರುದಿನ ಮತ್ತೆ ಕರೆದರು. ಡ್ರಮ್ಮು, ಒಂದು ಪೈಪು, ಗಾಳಿಗೊಂದು ಪಂಕ, ಒಂದಿಷ್ಟು ಮಣ್ಣು, ಇಷ್ಟೇ ಸಾಕು ಎಂದರು. ನಾನು ಮೆಷಿನ್ ತುಳಿಯುತ್ತ ಏನೇನೋ ನೆವ ಹೇಳಿದೆ. ಮೋಡ ಆಗಿದೆ, ಹೊಲಿಗೆ ಬಹಳ ಇದೆ, ಪೊಂಗಲ್ ಕಳೆಯಲಿ. ಹೀಗೆ ತಿಂಗಳುಗಟ್ಟಲೆ ತಳ್ಳಿದೆ. ನಡುಗುವ ಕೈ, ಕಾದ ಕಬ್ಬಿಣ, ನಾನೊಬ್ಬಳೇ ಮನೆಯಲ್ಲಿ. ಯೋಚಿಸಿದರೇ ಅಂಗೈ ಬೆವರುತ್ತಿತ್ತು.

ನಾನು ಒಪ್ಪಿದ್ದೂ ಹೆದರಿಕೆಯಿಂದಲೇ. ಜೂನ್ ಕೊನೆಗೆ, ಆನಿ ತಿಂಗಳ ಒಂದು ಮಧ್ಯಾಹ್ನ ಬೀದಿಯ ಕೊನೆಯ ಮನೆಗೆ ಬ್ಲೌಸ್ ಕೊಟ್ಟು ಬರಲು ಹೋಗಿದ್ದೆ. ತಿರುಗಿ ಬಂದಾಗ ಅಡಿಗೆಮನೆಯಲ್ಲಿ ಸುಟ್ಟ ಎಣ್ಣೆಯ ವಾಸನೆ. ಮಾವ ಗ್ಯಾಸ್ ಒಲೆ ಹಚ್ಚಿ, ಹಳೆಯ ಇಕ್ಕಳದಲ್ಲಿ ಒಂದು ಉದ್ದ ಮೊಳೆ ಹಿಡಿದು ಉರಿಯಲ್ಲಿ ಕಾಯಿಸುತ್ತಿದ್ದರು. ಮೊಳೆಯ ತುದಿ ಕೆಂಪಗಾಗಿ ನಡುಗುತ್ತಿತ್ತು. ಅವರ ಪಂಚೆಯ ಅಂಚು ಒಲೆಗೆ ಗೇಣು ದೂರದಲ್ಲಿತ್ತು, ಸಿಲಿಂಡರಿನ ರಬ್ಬರ್ ಕೊಳವೆ ಅದರ ಕೆಳಗೇ. ನಾನು ಕೂಗಲಿಲ್ಲ, ಕೂಗಿದರೆ ಅವರು ಬೆಚ್ಚುತ್ತಾರೆಂದು. ಮೆಲ್ಲಗೆ ಹೋಗಿ ಒಲೆ ಆರಿಸಿದೆ. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಮಾವ, ಇಲ್ಲಿ ಬ್ಯಾಡಿ. ಹಿತ್ಲಲ್ಲಿ ಮಾಡಣ. ನಾನೇ ಎಲ್ಲಾ ತಂದ್ಕೊಡ್ತೀನಿ. ಒಬ್ರೇ ಮಾತ್ರ ಮಾಡ್ಬ್ಯಾಡಿ."

"ನಿಜವಾ?" ಎಂದರು, ಮಕ್ಕಳು ಕೇಳುವ ಹಾಗೆ.

ರಾತ್ರಿಯ ಊಟದ ಹೊತ್ತಿಗೆ ಗಂಡನಿಗೆ ಹೇಳಿದೆ. ಅಡಿಗೆಮನೆಯ ಸಂಗತಿ ಮಾತ್ರ ಬಿಟ್ಟೆ. ಅವರು ನಕ್ಕು, "ಅಪ್ಪಂಗೂ ಹೊತ್ತ್ ಹೋಗ್ಬೇಕಲ್ಲ. ಮಾಡ್ಲಿ ಬಿಡು. ಬೆಂಕಿ ಹತ್ರ ನೀನೇ ಇರು, ಅವ್ರನ್ನ ಒಬ್ರೇ ಬಿಡ್ಬ್ಯಾಡ" ಎಂದರು.

ಸಾಮಾನಿಗೆ ಎರಡು ಸಲ ಚಿನ್ನಮನೂರಿನ ಗುಜರಿ ಅಂಗಡಿಗೆ ಹೋದೆ. ಚಿಕ್ಕ ಲಾರಿಯ ಡ್ರಮ್ ಒಂದು ಸಿಕ್ಕಿತು. ಅದನ್ನು ಅಂಗಡಿಯವರೇ ಆಟೋಗೆ ಎತ್ತಿಹಾಕಿದರು. ಮುರಿದ ಆಕ್ಸಲಿನ ದಪ್ಪ ತುಂಡೊಂದನ್ನು ಮಾವ ಹೇಳಿದಂತೆ ಹುಣಸೆ ದಿಮ್ಮಿಯಲ್ಲಿ ಕೂರಿಸಿ, ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲು ಮಾಡಿದೆವು. ಡ್ರಮ್ಮಿಗೆ ಆಸರೆಯಾಗಿ ಮನೆ ಕಟ್ಟಿದಾಗ ಉಳಿದಿದ್ದ ಹಾಲೋ ಬ್ಲಾಕುಗಳನ್ನು ಮೂರು ಕಡೆ ಜೋಡಿಸಿದೆ. ಗಾಳಿ ಊದಲು ಮಗಳು ಬಿಟ್ಟುಹೋಗಿದ್ದ ಹೇರ್ ಡ್ರೈಯರ್ ಆಯಿತು. ಇಸ್ತ್ರಿ ಅಂಗಡಿಯವನು ಒಂದು ಚೀಲ ತೆಂಗಿನ ಚಿಪ್ಪಿನ ಇದ್ದಿಲು ಕೊಟ್ಟ.

ಉಳಿದದ್ದು ಪೈಪು. ಡ್ರಮ್ಮಿನ ತಳದ ತೂತಿಗೆ ಕೆಳಗಿನಿಂದ ಒಂದು ಪೈಪು ಕೂಡಿಸಬೇಕು, ಅದರ ಪಕ್ಕಕ್ಕೊಂದು ಕವಲು ಇರಬೇಕು. ಕವಲಿನಿಂದ ಬಂದ ಗಾಳಿ ಮೇಲೆ ಕೆಂಡಕ್ಕೆ ಹೋಗುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಇದನ್ನೆಲ್ಲ ಮಾವ ನನ್ನ ಹೊಲಿಗೆಯ ಅಳತೆ ಪುಸ್ತಕದಲ್ಲಿ ಚಿತ್ರ ಬರೆದು ತೋರಿಸಿದ್ದರು. ಗೆರೆಗಳೆಲ್ಲ ಅಲೆಅಲೆಯಾಗಿದ್ದವು. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಹೇಳಿದರು:

"ಕರಿ ಪೈಪು ತಾಯಿ. ಬಿಳೀದ್ ಬ್ಯಾಡ. ಮರೀಬ್ಯಾಡ."

ನಾನು ಮರೆಯಲಿಲ್ಲ, ಅದನ್ನು ಹೇಳಲೇಬೇಕು. ಗುಜರಿ ಅಂಗಡಿಯಲ್ಲಿ ಆ ಅಳತೆಗೆ ಕರಿ ಪೈಪು ಇರಲಿಲ್ಲ. ನೀರಿನ ಕೆಲಸದವರು ಬಳಸುವ, ಬೆಳ್ಳಗೆ ಹೊಳೆಯುವ ಪೈಪು ಇತ್ತು, ಕವಲು ಸಮೇತ. ಅಂಗಡಿಯವರು ತಮಿಳಿನಲ್ಲಿ, "ಇದು ಬೆಂಕಿಗೆ ಆಗೋದಿಲ್ಲಮ್ಮ, ಎರಡು ದಿನ ಬಿಟ್ಟು ಬನ್ನಿ" ಎಂದರು. ಬೆಂಕಿಗೆ ಬೇಗ ಹಾಳಾಗುತ್ತದೆ ಅನ್ನುತ್ತಿದ್ದಾರೆ ಎಂದುಕೊಂಡೆ. ಹಾಳಾದರೆ ಹಾಳಾಗಲಿ, ಈ ಆಟ ಎಷ್ಟು ದಿನ ನಡೆದೀತು ಎಂದೂ ಅಂದುಕೊಂಡೆ. ತೇವಾರಂ ಬಸ್ಸು ಹೊರಡುವುದರಲ್ಲಿತ್ತು. ಮಾವ ಮನೆಯಲ್ಲಿ ಒಬ್ಬರೇ, ಅಡಿಗೆಮನೆಯ ಬಾಗಿಲಿಗೆ ನಾನು ಬೀಗ ಹಾಕಿರಲಿಲ್ಲ. ಪೈಪನ್ನು ಚೀಲಕ್ಕೆ ತುರುಕಿಕೊಂಡು ಓಡಿದೆ.

ಮನೆಗೆ ಬಂದವಳು ಮಾವ ನಿದ್ದೆಯಲ್ಲಿದ್ದಾಗಲೇ ಪೈಪನ್ನು ಡ್ರಮ್ಮಿಗೆ ಕೂಡಿಸಿ, ಮೇಲಿಂದ ಕೆಳಗಿನವರೆಗೆ ಕೆರೆಮಣ್ಣು, ಬೂದಿ, ಸಗಣಿ ಕಲಸಿ ಮೆತ್ತಿಬಿಟ್ಟೆ. ಎದ್ದು ಬಂದವರು ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದರು.

"ಕರೀದೇ ತಾನೆ?"

"ಕರೀದೇ ಮಾವ."

ಇನ್ನೊಂದು ತಪ್ಪೂ ಮಾಡಿದೆ. ಅಷ್ಟು ಹೊತ್ತಿಗೆ ಜುಲೈ ನಡು, ಆಡಿ ತಿಂಗಳು ಹುಟ್ಟಿತ್ತು. ನಮ್ಮ ಕಣಿವೆಯ ಆಡಿ ಗಾಳಿಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಒಣಹಾಕಿದ ಸೀರೆ ತೆಂಗಿನ ಮರಕ್ಕೆ ಹೋಗಿ ಸುತ್ತಿಕೊಳ್ಳುತ್ತದೆ. ಹಿತ್ತಲ ಗೋಡೆಯಾಚೆ ಬಣವೆ. ಒಂದು ಕಿಡಿ ಹಾರಿದರೆ ಸಾಕು. ಮಾವ ಬಯಲಲ್ಲೇ ಇರಲಿ, ಬೆಳಗಿನ ಜಾವ ಗಾಳಿ ಏಳುವ ಮುಂಚೆ ಹಚ್ಚೋಣ ಎಂದರು. ನನಗೆ ಧೈರ್ಯ ಸಾಲಲಿಲ್ಲ. ದನಗಳನ್ನು ಮಾರಿದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯೊಳಗೆ ಎಲ್ಲವನ್ನೂ ಜೋಡಿಸಿದೆ. ಅದಕ್ಕೆ ಮೂರು ಗೋಡೆ, ಮೇಲೆ ತಗಡು. ತೆರೆದಿದ್ದ ನಾಲ್ಕನೆಯ ಕಡೆಗೂ ಟಾರ್ಪಾಲು ಇಳಿಬಿಟ್ಟು ಬುಡಕ್ಕೆ ಕಲ್ಲು ಹೇರಿದೆ. ಈಗ ಕಿಡಿ ಎಲ್ಲಿಗೂ ಹೋಗದು ಎಂದು ನೆಮ್ಮದಿಯಾಯಿತು. ಹೊಗೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯೋಚಿಸಲಿಲ್ಲ.

ಮಣ್ಣು ಒಣಗಲು ನಾಲ್ಕು ದಿನ ಬಿಟ್ಟೆವು. ಐದನೆಯ ದಿನ ಬೆಳಿಗ್ಗೆ, ಗಂಡನಿಗೆ ಹೇಳದೆ, ಅವರು ಅಂಗಡಿಗೆ ಹೋದ ಮೇಲೆ, ಎರಡು ಬಕೆಟ್ ನೀರು, ಒಂದು ಬಾಣಲೆ ಮರಳು, ಒದ್ದೆ ಗೋಣಿಚೀಲ ಎಲ್ಲ ಸುತ್ತ ಇಟ್ಟುಕೊಂಡೆ. ಮಾವನ ಪಂಚೆ ತೆಗೆಸಿ ಹಳೆಯ ಖಾಕಿ ಪ್ಯಾಂಟ್ ಹಾಕಿಸಿದೆ. ನಾನು ನೈಲಾನ್ ಸೀರೆ ಬಿಟ್ಟು ಹತ್ತಿಯದನ್ನುಟ್ಟು ಸೆರಗು ಸಿಕ್ಕಿಸಿಕೊಂಡೆ.

ಇದ್ದಿಲು ಹತ್ತಿಕೊಂಡಿತು. ಡ್ರೈಯರ್ ಹಾಕಿದ ತಕ್ಷಣ ಡ್ರಮ್ಮಿನೊಳಗೆ ಉಸಿರು ಬಂದ ಹಾಗಾಯಿತು. ಕೆಂಡ ಮೊದಲು ಕೆಂಪಗೆ, ಆಮೇಲೆ ಕಿತ್ತಳೆಯಾಗಿ, ನೋಡಲಾರದಷ್ಟು ಬೆಳಗಿತು. ಕಂಬಿಯ ತುಂಡನ್ನು ಅದರೊಳಗೆ ಸಿಕ್ಕಿಸಿ ನಾನು ಹಿಂದೆ ಸರಿದೆ. ಕಾದ ಮೇಲೆ ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟೆ. ಕಣ್ಣು ಅರ್ಧ ಮುಚ್ಚಿಕೊಂಡಿದ್ದೆ. ನಡುಗುವ ಸುತ್ತಿಗೆ ನನ್ನ ಕೈಗೇ ಬೀಳುತ್ತದೆ ಎಂದು ಕಾಯುತ್ತಿದ್ದೆ.

ಬೀಳಲಿಲ್ಲ. ಮಾವ ಸುತ್ತಿಗೆ ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು. ಕಣ್ಣು ತೆರೆದು ನೋಡಿದೆ. ಆ ಕೈ ನಡುಗುತ್ತಿರಲಿಲ್ಲ. ಏಟು ನೇರವಾಗಿ, ಒಂದೇ ಜಾಗಕ್ಕೆ ಬೀಳುತ್ತಿತ್ತು. ಅವರಿಗೂ ಗೊತ್ತಾಯಿತು. ಮುಖದಲ್ಲಿ ನಗು ಇರಲಿಲ್ಲ, ಯಾವುದೋ ಸದ್ದಿಗೆ ಕಿವಿಗೊಟ್ಟ ಹಾಗಿತ್ತು. ಸುತ್ತಿಗೆ ಕೆಳಗಿಟ್ಟ ಕೂಡಲೇ ಬೆರಳುಗಳು ಮತ್ತೆ ಉಜ್ಜಿಕೊಳ್ಳತೊಡಗಿದವು. ಮತ್ತೆ ಎತ್ತಿಕೊಂಡರು. ನಿಂತಿತು.

"ಇನ್ನೊಂದ್ ಸಲ ಕಾಯ್ಸು," ಎಂದರು.

ಆಗಲೇ ಕೊಟ್ಟಿಗೆಯಲ್ಲಿ ಬಿಳಿ ಹೊಗೆ ತುಂಬುತ್ತಿತ್ತು. ಇದ್ದಿಲ ಹೊಗೆಯ ಹಾಗಿರಲಿಲ್ಲ. ಕೆಂಡದ ನಡುವೆ ಒಂದು ಹಸಿರು ಉರಿ ಎದ್ದೆದ್ದು ಬೀಳುತ್ತಿತ್ತು. ಬೂರುಗದ ಹತ್ತಿಯಂಥ ಸಣ್ಣ ಎಳೆಗಳು ಗಾಳಿಯಲ್ಲಿ ತೇಲಿ ನನ್ನ ತೋಳಿಗೆ, ಮಾವನ ಹುಬ್ಬಿಗೆ ಅಂಟಿದವು. ಬಾಯಲ್ಲಿ ಒಂದು ಬಗೆಯ ಸಿಹಿ, ನಾಣ್ಯ ಚೀಪಿದ ಹಾಗೆ. "ಇದೇನ್ ಮಾವ ಬೆಳ್ಳಗೆ?" ಎಂದೆ. ಅವರು ಕೆಮ್ಮಿದರು. ಟಾರ್ಪಾಲಿನ ಕಡೆ ಒಮ್ಮೆ, ಡ್ರಮ್ಮಿನ ಬುಡದ ಕಡೆ ಒಮ್ಮೆ ನೋಡಿ, "ಕಾಯ್ಸು ತಾಯಿ" ಎಂದರು. ಹೀಗೆ ಒಂದು ಗಂಟೆಗೂ ಹೆಚ್ಚು ನಡೆಯಿತು.

ಕೊನೆಗೆ ನಾನೇ ಡ್ರೈಯರ್ ನಿಲ್ಲಿಸಿದೆ. ಹೊರಗೆ ಬಂದು ಕೂತ ಮೇಲೆ ಮಾವ, "ಎರಡ್ ಲೋಟ ಹಾಲ್ ಕಾಯ್ಸು. ನೀನೂ ಕುಡಿ" ಎಂದರು. ಮದುವೆಯಾಗಿ ಬಂದಂದಿನಿಂದ ಅವರು ಬರಿಯ ಹಾಲು ಕುಡಿದದ್ದನ್ನು ನಾನು ಕಂಡಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಅವರಿಗೆ ಚಳಿ ಹತ್ತಿತು. ಕಂಬಳಿ ಹೊದಿಸಿದೆ. ಸಾಲಲಿಲ್ಲ, ನನ್ನ ಕಂಬಳಿಯನ್ನೂ ಹಾಕಿದೆ. ಹಲ್ಲು ಕಟಕಟ ಅನ್ನುತ್ತಿತ್ತು. ನಾಲ್ಕರ ಹೊತ್ತಿಗೆ ಮೈ ಕಾದ ಹೆಂಚಿನ ಹಾಗಾಯಿತು. ಎದೆ ಹಿಡಿದುಕೊಂಡಿದೆ ಎಂದರು. ಉಸಿರು ಒಳಗೆ ಹೋಗುವಾಗ ಒಂದು ಸಣ್ಣ ಸೀಟಿ ಕೇಳುತ್ತಿತ್ತು. ಅಷ್ಟರಲ್ಲಿ ನನಗೂ ಕೈಕಾಲು ಸೆಳೆತ, ತಲೆ ಭಾರ, ಬೆನ್ನಲ್ಲಿ ಚಳಿ. ಅದು ಹೆದರಿಕೆಯ ಚಳಿ ಎಂದೇ ತಿಳಿದೆ. ನನಗೆ ಹೆದರಿದಾಗ ಚಳಿ ಬರುವುದು ಹೊಸತಲ್ಲ.

ಗಂಡನಿಗೆ ಫೋನ್ ಮಾಡಿದೆ. "ಮಾವಂಗೆ ಕಾಯ್ಚಲು, ಮೈ ಸುಡ್ತದೆ. ಉಸ್ರಾಡೋಕ್ ಆಯ್ತಿಲ್ಲ. ಬೇಗ ಬನ್ನಿ" ಎಂದೆ. ಯಾಕೆ, ಹೇಗೆ ಎಂದು ಹೇಳಲಿಲ್ಲ. ಅವರು ಬರುವ ಮೊದಲು ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕೊಟ್ಟಿಗೆಗೆ ಓಡಿ, ಡ್ರಮ್ಮಿನ ಸುತ್ತಲ ಬಿಳಿ ಪುಡಿಯನ್ನು ಗುಡಿಸಿದೆ. ಪೈಪಿನ ಮೇಲ್ತುದಿಯಲ್ಲಿ ಮಣ್ಣು ಉದುರಿತ್ತು. ಅಲ್ಲಿ ಹೊಳಪೆಲ್ಲ ಹೋಗಿ ಹಳದಿ-ಬಿಳಿಯ ಹಕ್ಕಳೆ ಎದ್ದಿತ್ತು. ಅದರ ಮೇಲೆ ಗೋಣಿಚೀಲ ಮುಚ್ಚಿ ಬಂದೆ.

ಚಿನ್ನಮನೂರಿನ ಕ್ಲಿನಿಕ್ಕಿನ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ ಹುಬ್ಬು ಗಂಟಿಕ್ಕಿದರು. "ಇವತ್ತು ಏನು ಮಾಡಿದರು? ಏನು ತಿಂದರು? ಹೊರಗೆಲ್ಲಾದರೂ ಹೋಗಿದ್ದರಾ?" ಎಂದು ತಮಿಳಿನಲ್ಲಿ ಕೇಳಿದರು.

ಗಂಡ ನನ್ನ ಮುಖ ನೋಡಿದರು.

"ಏನೂ ಇಲ್ಲ. ಮನೆಯಲ್ಲೇ ಕೂತಿದ್ದರು," ಎಂದೆ.

ಮಾವ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಅವರೂ ಏನೂ ಹೇಳಲಿಲ್ಲ. ಈ ವಯಸ್ಸಿಗೆ ನ್ಯುಮೋನಿಯಾ ಇರಬಹುದು, ಇಲ್ಲಿ ಇಟ್ಟುಕೊಳ್ಳುವುದು ಬೇಡ, ತೇನಿಗೆ ಕರೆದೊಯ್ಯಿರಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಾವನ ತಲೆ ನನ್ನ ಹೆಗಲ ಮೇಲಿತ್ತು. ಹೊತ್ತು ಮುಳುಗುತ್ತಿತ್ತು. ಗಾಳಿಗೆ ರಸ್ತೆಬದಿಯ ಬಾಳೆಗಳು ಒಂದೇ ಕಡೆಗೆ ವಾಲಿದ್ದವು. ನಾನು ಅವರ ಉಸಿರು ಎಣಿಸುತ್ತಿದ್ದೆ. ನಡುವೆ ಒಂದು ಉಸಿರು ತಡವಾದರೆ ನನ್ನದೂ ನಿಲ್ಲುತ್ತಿತ್ತು. ಇವರು ದಾರಿಯಲ್ಲೇ ಹೋಗಿಬಿಟ್ಟರೆ? ಯಾರಿಗೂ ಕಾರಣ ತಿಳಿಯುವುದಿಲ್ಲ. ವಯಸ್ಸಾಗಿತ್ತು, ಜ್ವರ ಬಂತು, ಹೋದರು ಎನ್ನುತ್ತಾರೆ. ಗೋಣಿಚೀಲದ ಕೆಳಗಿನ ಪೈಪನ್ನು ಯಾವತ್ತಾದರೂ ನಾನೇ ಎತ್ತಿ ಎಸೆಯಬಹುದು. ಈ ಯೋಚನೆ ಬಂದದ್ದೇ ತಡ, ಮಾವನ ಜ್ವರಕ್ಕಿಂತ ಹೆಚ್ಚಾಗಿ ನನಗೆ ನನ್ನ ಮೇಲೆಯೇ ಭಯವಾಯಿತು. ಬಾಯಿ ತೆರೆದೆ. ಮುಂದಿನ ಸೀಟಿನಲ್ಲಿ ಗಂಡ ಫೋನಿನಲ್ಲಿ ಯಾರನ್ನೋ ಆಸ್ಪತ್ರೆಯ ದಾರಿ ಕೇಳುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ತೇನಿಯ ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಇಟ್ಟರು, ಎಕ್ಸ್-ರೇ ತೆಗೆದರು, ರಕ್ತ ತೆಗೆದರು. ಅಲ್ಲಿದ್ದ ಡಾಕ್ಟರು ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದಾದ ಹುಡುಗಿ. ಮಾವನನ್ನು ನೋಡಿ ಮುಗಿಸಿ ನನ್ನ ಕಡೆ ತಿರುಗಿದಳು.

"ನೀವ್ಯಾಕೆ ನಡುಗುತ್ತಿದ್ದೀರಿ?"

"ಹೆದರಿಕೆ," ಎಂದೆ.

ಅವಳು ನನ್ನ ಮಣಿಕಟ್ಟು ಹಿಡಿದಳು, ಹಣೆ ಮುಟ್ಟಿದಳು. "ಹೆದರಿಕೆಗೆ ಇಷ್ಟು ಜ್ವರ ಬರೋದಿಲ್ಲ. ಇಬ್ಬರಿಗೂ ಒಂದೇ ದಿನ, ಒಂದೇ ಹೊತ್ತಿಗೆ. ಇವತ್ತು ಇಬ್ಬರೂ ಸೇರಿ ಏನು ಮಾಡಿದಿರಿ ಹೇಳಿ."

ಗಂಡ ಅಲ್ಲೇ ನಿಂತಿದ್ದರು. ನಾನು ಅವರನ್ನು ನೋಡದೆ, ನೆಲ ನೋಡುತ್ತ ಹೇಳಿದೆ. ಡ್ರಮ್ಮು, ಇದ್ದಿಲು, ಟಾರ್ಪಾಲು. ಬಿಳಿ ಪೈಪು. ಮಾವ ಬೇಡ ಎಂದಿದ್ದರು, ನಾನು ತಂದು ಮಣ್ಣು ಮೆತ್ತಿ ಮುಚ್ಚಿದೆ. ಕೇಳಿದಾಗ ಕರಿಯದು ಎಂದೆ. ಹೇಳುತ್ತ ಹೇಳುತ್ತ ದನಿ ಕಿರಿದಾಗಿ, ಕೊನೆಯ ಮಾತು ಅವಳಿಗೆ ಕೇಳಿತೋ ಇಲ್ಲವೋ.

ಅವಳು ಹೊರಗೆ ಹೋಗಿ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಬಂದಳು. ಆ ಪೈಪಿನ ಮೇಲೆ ಸತುವಿನ ಲೇಪ ಇರುತ್ತದೆ, ಸುಟ್ಟರೆ ಅದರ ಹೊಗೆ ಹೀಗೆ ಚಳಿಜ್ವರ ತರುತ್ತದೆ, ಬೆಸುಗೆ ಕೆಲಸದವರಿಗೆ ಬರುವುದುಂಟು ಎಂದಳು. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಇಳಿಯುತ್ತದೆ. "ಅಜ್ಜನ ವಯಸ್ಸು ನೋಡಿದರೆ ಈಗಲೇ ಏನೂ ಹೇಳೋಕಾಗಲ್ಲ. ಬೆಳಗಾಗಲಿ. ಈಗ ಹೇಳಿದಿರಲ್ಲ, ಒಳ್ಳೆಯದಾಯಿತು. ಮೊದಲೇ ಹೇಳಬೇಕಿತ್ತು."

ಅವಳು ಹೋದ ಮೇಲೆ ಗಂಡ ಮೆಲ್ಲಗೆ, ಆದರೆ ಪ್ರತಿ ಅಕ್ಷರ ಒತ್ತಿ ಕೇಳಿದರು: "ನಮ್ ಅಪ್ಪನ್ನ ಕೊಲ್ಬೇಕು ಅಂತ ಇದ್ಯಾ?"

ಇಪ್ಪತ್ತೊಂದು ವರ್ಷದಲ್ಲಿ ಅವರು ಅಂಥ ಮಾತು ಆಡಿರಲಿಲ್ಲ. ನನಗೂ ಒಂದು ಮಾತ್ರೆ ಕೊಟ್ಟು ಪಕ್ಕದ ಬೆಂಚಿನಲ್ಲಿ ಮಲಗಲು ಹೇಳಿದ್ದರು. ಮಲಗಲಿಲ್ಲ.

ಬೆಳಿಗ್ಗೆ ಮಾವನ ಜ್ವರ ಇಳಿದಿತ್ತು. ಬೆವರಿ ದಿಂಬು ಒದ್ದೆಯಾಗಿತ್ತು. ಉಸಿರಿನ ಸೀಟಿ ಇನ್ನೂ ಇತ್ತು, ಆದರೆ ಕಣ್ಣು ತೆರೆದು ಕಾಫಿ ಕೇಳಿದರು. ಗಂಡ ಕಾಫಿ ಹಿಡಿದು ನಿಂತು, "ಅಪ್ಪಾ, ನಿಮ್ ಸೊಸೆ ಏನ್ ಮಾಡವ್ಳೆ ಗೊತ್ತಾ?" ಎಂದು ಶುರುಮಾಡಿದರು.

ಮಾವ ಕೈಯೆತ್ತಿ ತಡೆದರು. ಎತ್ತಿದ ಕೈ ನಡುಗುತ್ತಿತ್ತು.

"ಗೊತ್ತು. ಬಿಳಿ ಪೈಪು."

ಗಂಡ ನನ್ನ ಕಡೆ ತಿರುಗಿದರು.

"ಹಸ್ರು ಉರಿ ಎದ್ದಾಗ್ಲೇ ಗೊತ್ತಾಯ್ತು. ಡಿಪೋದಲ್ಲಿ ಎಷ್ಟ್ ಜನ ವೆಲ್ಡರ್ ಹಿಂಗ್ ಬಿದ್ದಿದ್ನ ಕಂಡಿಲ್ಲ ನಾನು? ಬಿಳಿ ತಗಡ್ ಸುಟ್ ದಿನ ಎಲ್ಲಾ ಹಾಲ್ ಕುಡೀತಿದ್ರು. ಅದ್ಕೇ ಹಾಲ್ ಕೇಳ್ದೆ."

"ಗೊತ್ತಿದ್ದೂ ಯಾಕಪ್ಪಾ ಕೂತಿದ್ರಿ?" ಎಂದರು ಗಂಡ.

ಮಾವ ಮಗನಿಗಲ್ಲ, ನನಗೆ ಹೇಳಿದರು. "ಕೈ ನಿಂತಿತ್ತು ತಾಯಿ. ಮೂರ್ ವರ್ಷ ಆದ್ಮೇಲೆ ನಿಂತಿತ್ತು. ಪೈಪು ಬಿಳೀದು ಅಂದಿದ್ರೆ ನೀನ್ ಆಗ್ಲೇ ಆರಿಸ್ಬಿಡ್ತಿದ್ದೆ. ಮತ್ತೆ ಹಚ್ಚ್ತಿರ್ಲಿಲ್ಲ. ನಿನ್ ಗುಣ ನಂಗ್ ಗೊತ್ತಿಲ್ವಾ? ಇನ್ನೊಂದ್ ಏಟು, ಇನ್ನೊಂದ್ ಏಟು ಅಂತ ಕೂತ್ಬಿಟ್ಟೆ. ನೀನೂ ಅಲ್ಲೇ ಉಸ್ರಾಡ್ತಿದ್ದೀ ಅನ್ನೋದ್ನ ಮರ್ತೆ. ಅದ್ ತಪ್ಪು. ನಂದು."

ನನಗೆ ಅಳು ಬಂತು. ಗಂಡ ಕಾಫಿ ಲೋಟವನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದಾಗ ಕೈಯಲ್ಲಿ ಇಡ್ಲಿಯ ಪೊಟ್ಟಣ ಎರಡಿದ್ದವು. ನನ್ನ ಕೈಗೆ ಒಂದನ್ನು ಕೊಟ್ಟರು. ಮುಖ ನೋಡಲಿಲ್ಲ.

ಮೂರನೆಯ ದಿನ ಮನೆಗೆ ಬಂದೆವು. ಗಂಡ ಮೊದಲು ಮಾಡಿದ ಕೆಲಸ ಟಾರ್ಪಾಲನ್ನು ಕಿತ್ತೆಸೆದದ್ದು. ಡ್ರಮ್ಮನ್ನೂ ಗುಜರಿಗೆ ಹಾಕುತ್ತೇನೆ ಎಂದರು, ಅದು ಭಾರ, ಹಾಗೇ ಉಳಿಯಿತು. ಮಾವನಿಗೆ ಕೆಮ್ಮು ತಿಂಗಳಾದರೂ ಬಿಡಲಿಲ್ಲ. ಪ್ರತಿ ಸಲ ಅವರು ಕೆಮ್ಮಿದಾಗ ನನ್ನ ಮೆಷಿನ್ ನಿಲ್ಲುತ್ತಿತ್ತು. ಗಂಡ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದರು. ಅವರಾಡಿದ ಆ ಮಾತನ್ನು ಅವರೂ ಮರೆತಿಲ್ಲ, ನಾನೂ ಮರೆತಿಲ್ಲ. ಅದರ ಬಗ್ಗೆ ಇಂದಿಗೂ ಮಾತಾಡಿಲ್ಲ.

ಮಾವ ಕುಲುಮೆಯ ಸುದ್ದಿ ಎತ್ತಲಿಲ್ಲ. ಫೋನಿನಲ್ಲಿ ವಿಡಿಯೋ ನೋಡುವುದನ್ನೂ ಬಿಟ್ಟರು. ಜಗಲಿಯ ಮೇಲೆ ಕೂತು ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಿದ್ದರು. ಒಂದು ದಿನ ಎಲೆ ಅಡಿಕೆ ಕೊಡಲು ಹೋದಾಗ ನೋಡಿದೆ. ಹಿಡಿದು ಹಿಡಿದು ಬಲಗೈಯ ಮಣಿಕಟ್ಟಿನಲ್ಲಿ ಬೆರಳಚ್ಚು ಕೆಂಪಗೆ ಮೂಡಿತ್ತು.

ಅಂದು ಸಂಜೆ ಗಂಡನಿಗೆ ಹೇಳಿದೆ. "ಉಲೆ ಮತ್ತೆ ಹಚ್ಬೇಕು. ಬಯಲಲ್ಲಿ. ನೀವೂ ಇರ್ಬೇಕು."

"ನಿಂಗೆ ಹುಚ್ಚಾ?"

"ನಂಗ್ ಕೈಕಾಲ್ ಆಡ್ತಿಲ್ಲ ನೋಡಿ, ಹೇಳೋವಾಗ್ಲೇ. ಆದ್ರೂ ಹಚ್ಬೇಕು."

ಅವರು ಬೇಡ ಎಂದರು. ಮರುವಾರವೂ ಬೇಡ ಎಂದರು. ಪೊಂಗಲ್ ಕಳೆದು ಗಾಳಿ ಪೂರ್ತಿ ಸತ್ತಿದ್ದ ಒಂದು ಶನಿವಾರ ಅಂಗಡಿಯಿಂದ ಬಂದವರು ಚೀಲದಿಂದ ಪೈಪೊಂದನ್ನು ತೆಗೆದು ನನ್ನ ಮುಂದೆ ಅರದಿಂದ ಉಜ್ಜಿ ತೋರಿಸಿದರು. ಮೇಲೂ ಕರಿ, ಒಳಗೆ ಬರಿಯ ಕಬ್ಬಿಣ. "ನೋಡ್ಕೋ," ಎಂದರು. ಅಷ್ಟೇ.

ಭಾನುವಾರ ಬೆಳಿಗ್ಗೆ ಹಿತ್ತಲ ನಟ್ಟನಡುವೆ, ಬಣವೆಯಿಂದ ದೂರ, ಮೇಲೆ ಮರದ ಕೊಂಬೆಯೂ ಇಲ್ಲದ ಜಾಗದಲ್ಲಿ ಡ್ರಮ್ ಕೂರಿಸಿದೆವು. ಗಂಡ ನೀರಿನ ಪೈಪು ಹಿಡಿದು ಕಾವಲು ನಿಂತರು. ಇದ್ದಿಲು ಹತ್ತಿ ಒಂದು ಬಿಳಿ ಎಳೆ ಹಾರಿತು. ನಾನು ಇಕ್ಕಳ ಬಿಸಾಡಿ ಮಾವನ ತೋಳು ಹಿಡಿದು ಎಳೆದೇಬಿಟ್ಟೆ.

"ಬೂದಿ ತಾಯಿ. ಬರೀ ಬೂದಿ," ಎಂದರು ಮಾವ. "ಬಾಯಲ್ಲಿ ಸಿಹಿ ಅದ್ಯಾ?"

ಇರಲಿಲ್ಲ. ಆದರೂ ಮತ್ತೆ ಇಕ್ಕಳ ಎತ್ತಿಕೊಳ್ಳಲು ನನಗೆ ಬಹಳ ಹೊತ್ತು ಬೇಕಾಯಿತು. ಅಂದು ಒಂದು ಕೊಕ್ಕೆ ಮಾಡಿದೆವು. ಮಾವ ಬಡಿದರು, ನಾನು ತಿರುಗಿಸಿದೆ. ಅದು ಒಂದು ಕಡೆಗೆ ಸೊಟ್ಟ. ಗಂಡ ಅಪ್ಪನ ಕೈಯನ್ನೇ ನೋಡುತ್ತಿದ್ದರು. ಸುತ್ತಿಗೆ ಹಿಡಿದ ಕೈ ನಿಂತದ್ದನ್ನು ಅವರು ಕಂಡದ್ದು ಅದೇ ಮೊದಲು. ಕೈಯಲ್ಲಿದ್ದ ನೀರಿನ ಪೈಪಿನಿಂದ ನೀರು ಅವರ ಚಪ್ಪಲಿಯ ಮೇಲೇ ಹರಿಯುತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಇದೆಲ್ಲ ನಡೆದು ಎರಡು ವರ್ಷ ದಾಟಿತು. ಈಗ ಮಾವನಿಗೆ ಎಡಗೈಗೂ ನಡುಕ ಬಂದಿದೆ. ಸುತ್ತಿಗೆ ಎತ್ತುವ ಶಕ್ತಿ ತೋಳಿನಲ್ಲಿ ಉಳಿದಿಲ್ಲ. ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಾರೆ, ನಾನು ಬಡಿಯುತ್ತೇನೆ. ಪ್ರತಿ ಭಾನುವಾರವೂ ಇಲ್ಲ, ಗಾಳಿಯಿಲ್ಲದ ದಿನ ಮಾತ್ರ. ಹಚ್ಚುವ ಹಿಂದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರುವುದಿಲ್ಲ. ಬೆಳಿಗ್ಗೆ ಎದ್ದು ಪೈಪನ್ನು ಅರದಿಂದ ಒಂದು ಸಲ ಉಜ್ಜಿ ನೋಡುತ್ತೇನೆ, ಅದೇ ಪೈಪು ಎಂದು ಗೊತ್ತಿದ್ದರೂ.

ಕಳೆದ ತಿಂಗಳು ಗೋಡೆಯಾಚೆಯ ಮನೆಯಾಕೆ ತನ್ನ ಕೊಟ್ಟನ್ನು, ಅಂದರೆ ಕಳೆ ಕೀಳುವ ಪುಟ್ಟ ಗುದ್ದಲಿಯನ್ನು, ತಂದಳು. ಅದರ ಬಾಯಿ ಮೊಂಡಾಗಿ ಮಡಚಿಕೊಂಡಿತ್ತು. ನಾನು ಕಾಯಿಸಿ, ಬಡಿದು ಚೂಪು ಮಾಡಿ, ನೀರಿಗೆ ಹಾಕಿ ಕೊಟ್ಟೆ. ಮೂರೇ ದಿನಕ್ಕೆ ತಿರುಗಿ ತಂದಳು. ಬಾಯಿ ಮತ್ತೆ ಮಡಚಿಕೊಂಡಿತ್ತು.

ಮಾವ ಅದನ್ನು ಕಣ್ಣ ಹತ್ತಿರ ಹಿಡಿಸಿಕೊಂಡು ನೋಡಿದರು. "ಕೆಂಪು ಆರೋವರ್ಗೂ ಕಾದ್ ಆಮೇಲೆ ನೀರಿಗ್ ಹಾಕಿದ್ದೀ."

"ಹೂಂ ಮಾವ. ಚೊಯ್ ಅಂತ ಆವಿ ಎದ್ದ್ ಮಖಕ್ಕ್ ಬತ್ತದೆ. ಅಂಜ್ಕೆ ಆಯ್ತು."

"ಆವಿ ಬರ್ಲಿ. ಕೆಂಪ್ ಇರೋವಾಗ್ಲೇ ಹಾಕ್ಬೇಕು. ಇಲ್ದಿದ್ರೆ ಮೆತ್ತಗೇ ಉಳೀತದೆ."

ಆಕೆಗೆ ಭಾನುವಾರ ಬಂದು ತೆಗೆದುಕೊಂಡು ಹೋಗಲು ಹೇಳಿ, ಆ ಕೊಟ್ಟನ್ನು ಇಟ್ಟುಕೊಂಡಿದ್ದೇನೆ. ನಾಳೆ ಭಾನುವಾರ. ಗಾಳಿ ಇಲ್ಲ. ನೀರಿನ ಬಕೆಟ್ ಈಗಲೇ ತುಂಬಿಸಿಟ್ಟಿದ್ದೇನೆ, ಅದರ ಪಕ್ಕ ನಡೆದುಹೋಗುವಾಗಲೆಲ್ಲ ಅಂಗೈ ಬೆವರಿ ಒದ್ದೆಯಾಗುತ್ತಿದೆ.